ಆಮ್ಲಜನಕ ಭಾರವಾದರೆ ಅಯಸ್ಕಾಂತ ಯಾಕೆ ಸೊರಗುತ್ತೆ?

ಇವತ್ತಿನ ಸಂಚಿಕೆಯನ್ನ ಒಂದು ಪ್ರಯೋಗದಿಂದ ಶುರು ಮಾಡೋಣ.

ಒಂದು ಕಪ್ಪು ಪುಡಿ ಇದೆ ಅಂದ್ಕೊಳ್ಳಿ. ಲ್ಯಾಂಥನಮ್, ಕ್ಯಾಲ್ಸಿಯಮ್, ಮ್ಯಾಂಗನೀಸ್ ಮತ್ತು ಆಮ್ಲಜನಕ ಸೇರಿ ಆಗಿರುವ ಆಕ್ಸೈಡ್ ಅದು. ತಣ್ಣಗೆ ಮಾಡ್ತಾ ಹೋದರೆ ಒಂದು ನಿರ್ದಿಷ್ಟ ತಾಪಮಾನದಲ್ಲಿ ಅದು ಅಯಸ್ಕಾಂತ ಆಗುತ್ತೆ. ಈ ತಾಪಮಾನಕ್ಕೆ ಕ್ಯೂರಿ ತಾಪಮಾನ ಅಂತ ಹೆಸರು. ಈಗ ಆ ಪುಡಿಯನ್ನ ಎರಡು ಪಾಲು ಮಾಡಿ. ಒಂದು ಪಾಲನ್ನ ಮಾಮೂಲಿ ಆಮ್ಲಜನಕದಲ್ಲಿ, ಅಂದ್ರೆ ಆಮ್ಲಜನಕ-16ರಲ್ಲಿ, ತುಂಬಾ ಹೊತ್ತು ಕಾಯಿಸಿ. ಇನ್ನೊಂದು ಪಾಲನ್ನ ಅಷ್ಟೇ ಹೊತ್ತು, ಅಷ್ಟೇ ಬಿಸಿಯಲ್ಲಿ, ಆಮ್ಲಜನಕ-18ರಲ್ಲಿ ಕಾಯಿಸಿ. ಆಗ ಎರಡನೇ ಪಾಲಿನಲ್ಲಿದ್ದ ಹಗುರ ಆಮ್ಲಜನಕ ಹೊರಗೆ ಹೋಗಿ, ಭಾರದ ಆಮ್ಲಜನಕ ಅದರ ಜಾಗದಲ್ಲಿ ಕೂರುತ್ತೆ. ಬದಲಾಗಿದ್ದು ಇಷ್ಟೇ: ಪ್ರತಿ ಆಮ್ಲಜನಕದ ನ್ಯೂಕ್ಲಿಯಸ್‌ನಲ್ಲಿ ಎರಡು ನ್ಯೂಟ್ರಾನ್ ಹೆಚ್ಚಾಯ್ತು. ಎಲೆಕ್ಟ್ರಾನ್‌ಗಳ ಸಂಖ್ಯೆ ಅದೇ. ರಾಸಾಯನಿಕ ಗುಣ ಅದೇ.

ಅಯಸ್ಕಾಂತದ ಗುಣ ಬರೋದು ಎಲೆಕ್ಟ್ರಾನ್‌ಗಳಿಂದ. ಹಾಗಾಗಿ ಎರಡೂ ಪಾಲು ಒಂದೇ ತಾಪಮಾನದಲ್ಲಿ ಅಯಸ್ಕಾಂತ ಆಗಬೇಕು, ಅಲ್ವಾ? ಆಗಲಿಲ್ಲ. 1996ರಲ್ಲಿ ಜ್ಯೂರಿಕ್‌ನ ಝಾವೊ, ಕೊಂಡರ್, ಕೆಲ್ಲರ್ ಮತ್ತು ಮ್ಯುಲ್ಲರ್ ಅವರ ತಂಡ ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿದ ಹಾಗೆ, ಭಾರದ ಆಮ್ಲಜನಕ ಇದ್ದ ಪಾಲಿನ ಕ್ಯೂರಿ ತಾಪಮಾನ 20 ಕೆಲ್ವಿನ್‌ಗಿಂತ ಹೆಚ್ಚು ಕೆಳಗೆ ಇಳಿದಿತ್ತು.

ನಾನು ಜೀವಶಾಸ್ತ್ರದವಳು. ನಮ್ಮ ಕ್ಷೇತ್ರದಲ್ಲಿ ಐಸೋಟೋಪ್ ಬಳಸೋದೇ ಅದು ಏನನ್ನೂ ಕೆಡಿಸಲ್ಲ ಅನ್ನೋ ಭರವಸೆ ಮೇಲೆ. 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಬ್ಯಾಕ್ಟೀರಿಯಾಗಳಿಗೆ ಭಾರದ ನೈಟ್ರೋಜನ್ ತಿನ್ನಿಸಿ, ಡಿಎನ್‌ಎ ಹೇಗೆ ನಕಲಾಗುತ್ತೆ ಅಂತ ತೋರಿಸಿದ್ರು. ಬ್ಯಾಕ್ಟೀರಿಯಾಗಳಿಗೆ ಆ ವ್ಯತ್ಯಾಸ ಗೊತ್ತೇ ಆಗಲಿಲ್ಲ ಅನ್ನಬಹುದು, ಆರಾಮಾಗಿ ಬೆಳೆದವು. ಹೈಡ್ರೋಜನ್ ಒಂದನ್ನ ಬಿಟ್ಟರೆ, ಐಸೋಟೋಪ್ ಅಂದ್ರೆ ನಮಗೆ ಬಟ್ಟೆ ಮೇಲೆ ದೋಬಿ ಹಾಕುವ ಗುರುತಿನ ಹಾಗೆ. ಗುರುತು ಹಾಕಿದ್ದಕ್ಕೆ ಅಂಗಿಯ ಅಳತೆ ಬದಲಾಯ್ತು ಅಂದ್ರೆ ನಂಬೋದು ಹೇಗೆ? ಈ ವಿಷಯ ನನ್ನನ್ನ ಹಿಡಿದುಕೊಂಡಿದ್ದು ಅದಕ್ಕೇ.

ಯೋಚನೆ ಮಾಡಿ. ನ್ಯೂಕ್ಲಿಯಸ್ ಭಾರವಾದರೆ ಘನವಸ್ತುವಿನಲ್ಲಿ ನಿಜವಾಗಿ ಬದಲಾಗೋದು ಒಂದೇ, ಪರಮಾಣು ಅಲುಗಾಡುವ ರೀತಿ. ಭಾರದ್ದು ನಿಧಾನ ಅಲುಗಾಡುತ್ತೆ, ಹಗುರದ್ದು ಬೇಗ. ಅಂದ್ರೆ ಈ ಅಯಸ್ಕಾಂತಕ್ಕೆ ತನ್ನ ಪರಮಾಣುಗಳ ಕಂಪನದ ಸುದ್ದಿ ಗೊತ್ತಿದೆ! ಅದು ಹೇಗೆ ಅನ್ನೋದೇ ಇವತ್ತಿನ ಕಥೆ. ಇದರ ಹೆಚ್ಚಿನ ಅಧ್ಯಾಯಗಳು ಜರ್ಮನಿಯಲ್ಲಿ ನಡೆದಿವೆ, ಒಂದೆರಡು ಮುಖ್ಯ ಅಧ್ಯಾಯಗಳು ಬೆಂಗಳೂರಿನಲ್ಲಿ.

ಮೊದಲು ಒಂದು ತಪ್ಪು ಕಲ್ಪನೆಯನ್ನ ಪಕ್ಕಕ್ಕೆ ಇಡಬೇಕು. ಶಾಲೆಯಲ್ಲಿ ಏನು ಹೇಳಿಕೊಡ್ತಾರೆ? ಪ್ರತಿ ಎಲೆಕ್ಟ್ರಾನ್ ಒಂದು ಪುಟಾಣಿ ಅಯಸ್ಕಾಂತ, ಅವೆಲ್ಲ ಒಂದನ್ನೊಂದು ಎಳೆದು ಒಂದೇ ದಿಕ್ಕಿಗೆ ನಿಂತರೆ ದೊಡ್ಡ ಅಯಸ್ಕಾಂತ ಆಗುತ್ತೆ ಅಂತ. ಮೊದಲ ಅರ್ಧ ಸರಿ. ಎರಡನೇ ಅರ್ಧ ಸರಿಯಲ್ಲ. ಎಲೆಕ್ಟ್ರಾನ್‌ಗಳ ನಡುವಿನ ಕಾಂತ ಸೆಳೆತ ಎಷ್ಟು ದುರ್ಬಲ ಅಂದ್ರೆ, ಅದನ್ನೇ ನೆಚ್ಚಿಕೊಂಡರೆ ನಿರಪೇಕ್ಷ ಸೊನ್ನೆಗಿಂತ ಒಂದು ಡಿಗ್ರಿ ಮೇಲೆ ಹೋದ್ರೂ ಸಾಲು ಚೆದುರಿ ಹೋಗುತ್ತೆ. ಆದರೆ ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್‌ವರೆಗೂ ಅಯಸ್ಕಾಂತವಾಗೇ ಇರುತ್ತೆ.

ಈ ಒಗಟನ್ನ 1928ರಲ್ಲಿ ಬಿಡಿಸಿದ್ದು ಲೈಪ್‌ಸಿಗ್‌ನಲ್ಲಿದ್ದ ಹೈಸೆನ್‌ಬರ್ಗ್. ಎಲೆಕ್ಟ್ರಾನ್‌ಗಳನ್ನ ಸಾಲಾಗಿ ನಿಲ್ಲಿಸೋದು ಕಾಂತ ಬಲ ಅಲ್ಲ, ಅವುಗಳ ನಡುವಿನ ವಿದ್ಯುತ್ ವಿಕರ್ಷಣೆ. ಎರಡು ಎಲೆಕ್ಟ್ರಾನ್‌ಗಳ ಸ್ಪಿನ್ ಒಂದೇ ದಿಕ್ಕಿಗಿದ್ದರೆ, ಕ್ವಾಂಟಮ್ ನಿಯಮದ ಪ್ರಕಾರ ಅವು ಒಂದೇ ಜಾಗದಲ್ಲಿ ಇರೋ ಹಾಗಿಲ್ಲ, ತಾವಾಗೇ ದೂರ ದೂರ ಇರುತ್ತವೆ. ದೂರ ಇದ್ದರೆ ವಿಕರ್ಷಣೆಯ ಖರ್ಚು ಕಡಿಮೆ. ಆ ಉಳಿತಾಯಕ್ಕೋಸ್ಕರ ಅವು ಒಂದೇ ದಿಕ್ಕಿಗೆ ತಿರುಗುತ್ತವೆ. ಒಂದೇ ಪರಮಾಣುವಿನ ಒಳಗೆ ಇದೇ ಲೆಕ್ಕವನ್ನ ಅದಕ್ಕೂ ಮೊದಲು, 1925ರಲ್ಲಿ, ಗ್ಯೊಟಿಂಗನ್‌ನ ಫ್ರೀಡ್ರಿಶ್ ಹುಂಡ್ ನಿಯಮವಾಗಿ ಬರೆದಿದ್ದರು. ಅದು ನಮ್ಮ ಬಸ್ಸಿನ ನಿಯಮವೇ. ಖಾಲಿ ಬಸ್ಸು ಹತ್ತಿದವರು ಮೊದಲು ಒಬ್ಬೊಬ್ಬರೇ ಒಂದೊಂದು ಸೀಟು ಹಿಡಿತಾರೆ, ಬೇರೆ ದಾರಿ ಇಲ್ಲ ಅಂದಾಗ ಮಾತ್ರ ಇನ್ನೊಬ್ಬರ ಪಕ್ಕ ಕೂರ್ತಾರೆ. ಒಂಟಿಯಾಗಿ ಕೂತಿರೋ ಎಲೆಕ್ಟ್ರಾನ್‌ಗಳ ಸ್ಪಿನ್ ಎಲ್ಲಾ ಒಂದೇ ದಿಕ್ಕಿಗೆ. ಈ ಹುಂಡ್ ಅವರು 101 ವರ್ಷ ಬದುಕಿದ್ರು, 1997ರವರೆಗೆ. ಅಂದ್ರೆ ಇವತ್ತು ನಾನು ಹೇಳುವ ಕಥೆಯ ಬಹುಪಾಲು ಅವರ ಕಾಲದಲ್ಲೇ ನಡೆದಿದ್ದು.

ಎಲೆಕ್ಟ್ರಾನ್‌ಗಳ ಈ ಪರಸ್ಪರ ಜಗಳಕ್ಕೆ ಇನ್ನೊಂದು ಮುಖ ಇದೆ. 1937ರಲ್ಲಿ ಬ್ರಿಸ್ಟಲ್‌ನಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಡಚ್ ವಿಜ್ಞಾನಿಗಳಾದ ಡಿ ಬೋರ್ ಮತ್ತು ಫರ್ವೇ ಒಂದು ತಕರಾರು ತಂದ್ರು. ಆಗಿನ ಸಿದ್ಧಾಂತದ ಲೆಕ್ಕದಲ್ಲಿ ನಿಕಲ್ ಆಕ್ಸೈಡ್ ಲೋಹದ ಹಾಗೆ ವಿದ್ಯುತ್ ಹರಿಸಬೇಕು. ವಾಸ್ತವದಲ್ಲಿ ಅದು ಅಪ್ಪಟ ಅವಾಹಕ. ಬರ್ಲಿನ್‌ನಲ್ಲಿ ಹುಟ್ಟಿ, ಹಿಟ್ಲರ್ ಕಾಲದಲ್ಲಿ ಇಂಗ್ಲೆಂಡಿನಲ್ಲೇ ಉಳಿದುಕೊಂಡ ರುಡಾಲ್ಫ್ ಪೈಯರ್ಲ್ಸ್ ಮತ್ತು ನೆವಿಲ್ ಮಾಟ್ ಕೊಟ್ಟ ಉತ್ತರ ಇದು: ಆಕ್ಸೈಡ್‌ನಲ್ಲಿ ಎಲೆಕ್ಟ್ರಾನ್ ಪಕ್ಕದ ಪರಮಾಣುವಿಗೆ ಹಾರಬೇಕು ಅಂದ್ರೆ ಅಲ್ಲಿ ಆಗಲೇ ಇರುವ ಎಲೆಕ್ಟ್ರಾನ್ ಜೊತೆ ಜಾಗ ಹಂಚಿಕೊಳ್ಳಬೇಕು. ಆ ಖರ್ಚು ಕೈಗೆ ಎಟುಕಲ್ಲ. ಹಾಗಾಗಿ ಎಲ್ಲರೂ ಇದ್ದಲ್ಲೇ ಇರ್ತಾರೆ.

ಸರಿ, ಈಗ ನಮ್ಮ ಕಪ್ಪು ಪುಡಿಗೆ ಬರೋಣ. ಇದು ಪೆರೋವ್‌ಸ್ಕೈಟ್ ಅನ್ನೋ ಜಾತಿಯ ಸ್ಫಟಿಕ. ಸೋಲಾರ್ ಸೆಲ್ ಸುದ್ದಿಗಳಲ್ಲಿ ಈ ಹೆಸರು ಕೇಳಿರ್ತೀರಿ. 1839ರಲ್ಲಿ ಬರ್ಲಿನ್‌ನ ಖನಿಜ ವಿಜ್ಞಾನಿ ಗುಸ್ಟಾವ್ ರೋಸ ರಷ್ಯಾದ ಉರಲ್ ಪರ್ವತಗಳಿಂದ ಬಂದ ಒಂದು ಖನಿಜಕ್ಕೆ ಪೆರೋವ್‌ಸ್ಕಿ ಅನ್ನೋ ರಷ್ಯನ್ ಅಧಿಕಾರಿಯ ಹೆಸರಿಟ್ಟರು, ಅದೇ ರಚನೆಯ ಎಲ್ಲ ವಸ್ತುಗಳಿಗೂ ಆ ಹೆಸರೇ ಅಂಟಿಕೊಂಡಿತು. ರಚನೆ ಸರಳ. ಪ್ರತಿ ಮ್ಯಾಂಗನೀಸ್ ಅಯಾನಿನ ಸುತ್ತ ಆರು ಆಮ್ಲಜನಕಗಳ ಒಂದು ಪಂಜರ: ಮೇಲೆ, ಕೆಳಗೆ, ಎಡ, ಬಲ, ಹಿಂದೆ, ಮುಂದೆ. ಪಕ್ಕದ ಪಂಜರದ ಜೊತೆ ಮೂಲೆಯ ಒಂದು ಆಮ್ಲಜನಕ ಹಂಚಿಕೆ. ಅಂದ್ರೆ ಒಂದು ಪಂಜರ ಅಲುಗಿದರೆ ನೆರೆಮನೆಗೆ ಗೊತ್ತಾಗದೇ ಇರಲ್ಲ. ಪಂಜರಗಳ ನಡುವಿನ ಖಾಲಿ ಜಾಗದಲ್ಲಿ ಲ್ಯಾಂಥನಮ್ ಕೂತಿರುತ್ತೆ.

ಬರೀ ಲ್ಯಾಂಥನಮ್ ಇದ್ದರೆ ಪ್ರತಿ ಮ್ಯಾಂಗನೀಸ್‌ನ ಹೊರ ಕಕ್ಷಕಗಳಲ್ಲಿ ನಾಲ್ಕು ಎಲೆಕ್ಟ್ರಾನ್. ಮೂರು ಒಳಗೆ ಗಟ್ಟಿಯಾಗಿ ಕೂತಿರೋವು, ಒಂದು ಸ್ವಲ್ಪ ಮೇಲಿನ ಮಟ್ಟದಲ್ಲಿ, ಹೊರಗೆ ಹೋಗೋಕೆ ಸಿದ್ಧ ಇರೋದು. ಆದರೆ ಎಲ್ಲ ಮನೆಯಲ್ಲೂ ಇದೇ ಸ್ಥಿತಿ, ಹೋಗೋಕೆ ಖಾಲಿ ಜಾಗ ಇಲ್ಲ. ವಸ್ತು ಅವಾಹಕ. ಈಗ ಸ್ವಲ್ಪ ಲ್ಯಾಂಥನಮ್ ತೆಗೆದು ಕ್ಯಾಲ್ಸಿಯಮ್ ಅಥವಾ ಬೇರಿಯಮ್ ಹಾಕಿದರೆ, ಪ್ರತಿ ಬದಲಾವಣೆಗೆ ಒಂದು ಮ್ಯಾಂಗನೀಸ್ ತನ್ನ ನಾಲ್ಕನೇ ಎಲೆಕ್ಟ್ರಾನ್ ಕಳೆದುಕೊಳ್ಳುತ್ತೆ. ಖಾಲಿ ಜಾಗ ಹುಟ್ಟಿತು, ಓಡಾಟ ಶುರು.

1950ರಲ್ಲಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಯೋಂಕರ್ ಮತ್ತು ವಾನ್ ಸಾಂಟನ್ ಇಂಥ ವಸ್ತುಗಳನ್ನ ಮಾಡಿ, ಅವು ಅಯಸ್ಕಾಂತ ಆಗೋದೂ ವಿದ್ಯುತ್ ಚೆನ್ನಾಗಿ ಹರಿಸೋದೂ ಒಟ್ಟೊಟ್ಟಿಗೆ ಆಗುತ್ತೆ ಅಂತ ಕಂಡುಕೊಂಡ್ರು. ಮರುವರ್ಷ ಕ್ಲಾರೆನ್ಸ್ ಜೀನರ್ ಇದಕ್ಕೆ ಒಂದು ಸುಂದರ ವಿವರಣೆ ಕೊಟ್ಟರು. ಓಡಾಡುವ ಎಲೆಕ್ಟ್ರಾನ್ ಒಂದು ಮನೆಯಿಂದ ಇನ್ನೊಂದಕ್ಕೆ ಹೋದಾಗ, ಅಲ್ಲಿ ಕೂತಿರುವ ಮೂರು ಎಲೆಕ್ಟ್ರಾನ್‌ಗಳ ಸ್ಪಿನ್ ತನ್ನ ದಿಕ್ಕಿಗೇ ಇರಬೇಕು. ಹುಂಡ್ ನಿಯಮದ ಕಟ್ಟಪ್ಪಣೆ ಅದು. ಎಲ್ಲರೂ ಆದಿ ತಾಳದಲ್ಲಿ ಭಜನೆ ಹಾಡ್ತಿರೋ ಮನೆಗೆ ನೀವು ರೂಪಕ ತಾಳ ಹಾಕ್ಕೊಂಡು ಹೋದರೆ ಬಾಗಿಲಲ್ಲೇ ನಿಲ್ಲಿಸ್ತಾರೆ. ಇಡೀ ಬೀದಿಯಲ್ಲಿ ಒಂದೇ ತಾಳ ಇದ್ದರೆ ಮಾತ್ರ ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಹುದು. ಎಲೆಕ್ಟ್ರಾನ್‌ಗೆ ಓಡಾಟ ಸಿಕ್ಕಿದರೆ ಶಕ್ತಿಯ ಉಳಿತಾಯ ಆಗುತ್ತೆ. ಆ ಉಳಿತಾಯಕ್ಕೋಸ್ಕರ ಇಡೀ ಬೀದಿ ಒಂದೇ ತಾಳಕ್ಕೆ ಬರುತ್ತೆ, ಅಂದ್ರೆ ಅಯಸ್ಕಾಂತ ಆಗುತ್ತೆ. ಇದಕ್ಕೆ ಡಬಲ್ ಎಕ್ಸ್‌ಚೇಂಜ್ ಅಂತ ಹೆಸರು.

ಇದರಿಂದ ಒಂದು ಕುತೂಹಲದ ಮಾತು ಹೊರಡುತ್ತೆ. ಹೊರಗಿನಿಂದ ಒಂದು ಬಲವಾದ ಕಾಂತಕ್ಷೇತ್ರ ಹಾಕಿ ನಾವೇ ಸ್ಪಿನ್‌ಗಳನ್ನ ಸಾಲು ಮಾಡಿದರೆ ವಿದ್ಯುತ್ ಸಲೀಸಾಗಿ ಹರಿಯಬೇಕು. ಹರಿಯುತ್ತೆ. ಆದರೆ ಎಷ್ಟು ಸಲೀಸಾಗಿ ಅನ್ನೋದು ಎಲ್ಲರನ್ನೂ ಬೆಚ್ಚಿಬೀಳಿಸಿದ್ದು ನಲವತ್ತು ವರ್ಷ ಆದಮೇಲೆ.

ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. 1988ರಲ್ಲಿ ಪಶ್ಚಿಮ ಜರ್ಮನಿಯ ಯೂಲಿಶ್‌ನಲ್ಲಿ ಪೀಟರ್ ಗ್ರ್ಯುನ್‌ಬರ್ಗ್, ಪ್ಯಾರಿಸ್ ಬಳಿ ಆಲ್ಬರ್ಟ್ ಫೆರ್, ಇಬ್ಬರೂ ಬೇರೆ ಬೇರೆಯಾಗಿ ಕಬ್ಬಿಣ ಮತ್ತು ಕ್ರೋಮಿಯಂನ ತೆಳು ಪದರಗಳಲ್ಲಿ, ಕಾಂತಕ್ಷೇತ್ರ ಹಾಕಿದರೆ ವಿದ್ಯುತ್ ರೋಧ ಗಣನೀಯವಾಗಿ ಕಡಿಮೆಯಾಗೋದನ್ನ ಕಂಡ್ರು. ಹಾರ್ಡ್ ಡಿಸ್ಕ್‌ನಿಂದ ಮಾಹಿತಿ ಓದೋಕೆ ಬೇಕಿದ್ದಿದ್ದು ಅದೇ. ಕೆಲವೇ ವರ್ಷಗಳಲ್ಲಿ ಅದು ಕಂಪ್ಯೂಟರ್‌ಗಳ ಒಳಗೆ ಹೋಯ್ತು, 2007ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದರ ಹೆಸರು ಜೈಂಟ್ ಮ್ಯಾಗ್ನೆಟೋರೆಸಿಸ್ಟೆನ್ಸ್. ಇನ್ನೂ ದೊಡ್ಡ ಪರಿಣಾಮ ಎಲ್ಲಾದರೂ ಸಿಗುತ್ತಾ ಅಂತ ಎಲ್ಲರೂ ಹುಡುಕ್ತಿದ್ದಾಗ, 1993ರಲ್ಲಿ ಎರ್ಲಾಂಗನ್‌ನ ಸೀಮೆನ್ಸ್ ಪ್ರಯೋಗಾಲಯ ಮತ್ತು ಆಗ್ಸ್‌ಬರ್ಗ್ ವಿಶ್ವವಿದ್ಯಾಲಯದ ಒಂದು ತಂಡ ಹಳೇ ಮ್ಯಾಂಗನೀಸ್ ಆಕ್ಸೈಡನ್ನ ಕೈಗೆತ್ತಿಕೊಂಡಿತು. ರುಡಾಲ್ಫ್ ಫಾನ್ ಹೆಲ್ಮೋಲ್ಟ್, ಯೋಆಖಿಮ್ ವೆಕರ್, ಕೊನ್ರಾಡ್ ಝಾಮ್ವರ್ ಮತ್ತು ಸಂಗಡಿಗರು ಲ್ಯಾಂಥನಮ್-ಬೇರಿಯಮ್ ಮ್ಯಾಂಗನೀಸ್ ಆಕ್ಸೈಡಿನ ತೆಳು ಪದರ ಮಾಡಿ ಅಳೆದ್ರು. ರೂಮ್ ತಾಪಮಾನದಲ್ಲೇ, ಕಾಂತಕ್ಷೇತ್ರ ಹಾಕಿದಾಗ, ರೋಧದಲ್ಲಿ ಶೇಕಡಾ 60ರಷ್ಟು ಬದಲಾವಣೆ. ಮರುವರ್ಷ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಕ್ಯಾಲ್ಸಿಯಮ್ ಇರುವ ಪದರದಲ್ಲಿ, ದ್ರವ ಸಾರಜನಕದಷ್ಟು ತಣ್ಣಗೆ ಮಾಡಿ, ಸಾವಿರ ಪಟ್ಟು ಬದಲಾವಣೆ ತೋರಿಸಿದ್ರು. ಜೈಂಟ್ ಅನ್ನೋ ಹೆಸರು ಆಗಲೇ ಖರ್ಚಾಗಿತ್ತಲ್ಲ, ಇದಕ್ಕೆ ಕೊಲೋಸಲ್ ಅಂತ ಹೆಸರಾಯ್ತು. ಭೌತವಿಜ್ಞಾನಿಗಳು ಹೆಸರಿಡುವಾಗ ಕೆಲವೊಮ್ಮೆ ಸಿನಿಮಾ ಪೋಸ್ಟರ್ ಬರೆಯೋರ ಹಾಗೆ ಆಡ್ತಾರೆ.

ಬೆಂಗಳೂರಿನಲ್ಲಿ ಈ ಸುದ್ದಿಗೆ ನೆಲ ಹದವಾಗೇ ಇತ್ತು. ಸಿ. ಎನ್. ಆರ್. ರಾವ್ ದಶಕಗಳಿಂದ ಇಂಥ ಆಕ್ಸೈಡ್‌ಗಳ ಮೇಲೇ ಕೆಲಸ ಮಾಡ್ತಿದ್ದರು, ಮೊದಲು ಕಾನ್ಪುರದಲ್ಲಿ, ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ. ಅವರ ತಂಡ ಮ್ಯಾಂಗನೀಸ್ ಆಕ್ಸೈಡ್‌ಗಳಲ್ಲಿ ಮುಖ್ಯವಾಗಿ ನೋಡಿದ್ದು ಎಲೆಕ್ಟ್ರಾನ್‌ಗಳು ಓಡಾಟ ನಿಲ್ಲಿಸಿ ರಂಗೋಲಿ ಚುಕ್ಕಿಗಳ ಹಾಗೆ ಒಂದು ಬಿಟ್ಟು ಒಂದು ಮನೆಯಲ್ಲಿ ಕೂರುವ ಸ್ಥಿತಿಯನ್ನ. ಚಾರ್ಜ್ ಆರ್ಡರಿಂಗ್ ಅಂತಾರೆ. ಫ್ರಾನ್ಸ್‌ನ ಬರ್ನಾರ್ ರಾವೋ ಜೊತೆ ಅವರು ಸಂಪಾದಿಸಿದ ಪುಸ್ತಕ 1998ರಲ್ಲಿ ಬಂತು.

ಇಷ್ಟರಲ್ಲಿ ಒಂದು ತೊಡಕು ಕಾಣಿಸಿಕೊಂಡಿತ್ತು. 1995ರಲ್ಲಿ ಆಂಡ್ರ್ಯೂ ಮಿಲ್ಲಿಸ್, ಪೀಟರ್ ಲಿಟಲ್‌ವುಡ್ ಮತ್ತು ಬೋರಿಸ್ ಶ್ರೈಮನ್ ಒಂದು ಚಿಕ್ಕ ಲೇಖನ ಬರೆದ್ರು. ಅದರ ಶೀರ್ಷಿಕೆಯಲ್ಲೇ ತೀರ್ಪು ಇತ್ತು: ಡಬಲ್ ಎಕ್ಸ್‌ಚೇಂಜ್ ಒಂದರಿಂದಲೇ ಈ ರೋಧವನ್ನ ವಿವರಿಸೋಕಾಗಲ್ಲ ಅಂತ. ಸ್ಪಿನ್‌ಗಳು ಚೆದುರಿದಾಗ ರೋಧ ಎಷ್ಟು ಹೆಚ್ಚಬೇಕು ಅಂತ ಲೆಕ್ಕ ಹಾಕಿದರೆ, ಉತ್ತರ ಪ್ರಯೋಗದ ಹತ್ತಿರಕ್ಕೂ ಬರ್ತಿರಲಿಲ್ಲ. ನಿಜವಾದ ವಸ್ತುವಿನ ರೋಧ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ತಾಳ ತಪ್ಪಿದ್ದು ಮಾತ್ರ ಕಾರಣ ಅಲ್ಲ, ಎಲೆಕ್ಟ್ರಾನ್‌ಗಳ ಕಾಲನ್ನ ಇನ್ನೇನೋ ಹಿಡಿದುಕೊಂಡಿದೆ. ಅವರು ಬೊಟ್ಟು ಮಾಡಿದ್ದು ಪಂಜರದ ಕಡೆಗೆ.

ಈ ಪಂಜರದ ವಿಷಯಕ್ಕೆ ಬೇರೇನೇ ಒಂದು ಇತಿಹಾಸ ಇದೆ. 1930ರ ದಶಕದ ಆರಂಭದಲ್ಲಿ ಗ್ಯೊಟಿಂಗನ್‌ನಲ್ಲಿ ಎಡ್ವರ್ಡ್ ಟೆಲ್ಲರ್ ಅನ್ನೋ ಹಂಗೇರಿಯ ಯುವ ವಿಜ್ಞಾನಿ ಇದ್ದರು. ಹೌದು, ಮುಂದೆ ಅಮೆರಿಕದಲ್ಲಿ ಹೈಡ್ರೋಜನ್ ಬಾಂಬಿನ ಜೊತೆ ಹೆಸರು ಸೇರಿದ ಅದೇ ಟೆಲ್ಲರ್. ಅಲ್ಲಿ ಅವರ ವಿದ್ಯಾರ್ಥಿ ರುಡಾಲ್ಫ್ ರೆನ್ನರ್, ಕಾರ್ಬನ್ ಡೈಆಕ್ಸೈಡ್‌ನ ಅಣುವಿನಲ್ಲಿ ಎಲೆಕ್ಟ್ರಾನ್ ಮತ್ತು ಕಂಪನ ಹೇಗೆ ಹೆಣೆದುಕೊಳ್ಳುತ್ತೆ ಅಂತ ಲೆಕ್ಕ ಮಾಡ್ತಿದ್ದರು. 1933ರಲ್ಲಿ ಯಹೂದಿಗಳಿಗೆ ಜರ್ಮನಿಯಲ್ಲಿ ಜಾಗ ಇಲ್ಲದಾಯ್ತು, ಟೆಲ್ಲರ್ ದೇಶ ಬಿಟ್ಟರು. 1934ರಲ್ಲಿ ಕೋಪನ್‌ಹೇಗನ್‌ನಲ್ಲಿ ಸಿಕ್ಕ ಲೆವ್ ಲ್ಯಾಂಡೌಗೆ ರೆನ್ನರ್ ಕೆಲಸದ ಬಗ್ಗೆ ಹೇಳಿದಾಗ ಲ್ಯಾಂಡೌ ತಕರಾರು ತೆಗೆದ್ರು. ಎಲೆಕ್ಟ್ರಾನ್‌ಗೆ ಸಮಾನ ಶಕ್ತಿಯ ಎರಡು ಜಾಗ ಇದ್ದರೆ ಅಣುವಿನ ಆಕಾರವೇ ಉಳಿಯಲ್ಲ ಅನ್ನೋದು ಅವರ ವಾದ. ಈ ಅಣುವಿನ ಮಟ್ಟಿಗೆ ಹಾಗಾಗಲ್ಲ ಅಂತ ಟೆಲ್ಲರ್ ವಾದಿಸಿ ಗೆದ್ದರು. ಲ್ಯಾಂಡೌ ಎದುರು ತಾನು ಗೆದ್ದ ಒಂದೇ ವಾದ ಅದಿರಬಹುದು ಅಂತ ಮುಂದೆ ನೆನಪಿಸಿಕೊಂಡಿದ್ದಾರೆ. ಆಮೇಲೆ ಲಂಡನ್‌ನಲ್ಲಿ ಹರ್ಮನ್ ಯಾನ್ ಜೊತೆ ಕೂತು ಎಲ್ಲ ಬಗೆಯ ಆಕಾರಗಳನ್ನೂ ಒಂದೊಂದಾಗಿ ಪರೀಕ್ಷಿಸಿದಾಗ ಗೊತ್ತಾಗಿದ್ದು ಏನು? ಕಾರ್ಬನ್ ಡೈಆಕ್ಸೈಡ್‌ನಂಥ ನೇರ ಸಾಲಿನ ಅಣುಗಳು ಮಾತ್ರ ಅಪವಾದ. ಮಿಕ್ಕ ಎಲ್ಲ ಕಡೆ ಲ್ಯಾಂಡೌ ಹೇಳಿದ್ದೇ ಸರಿ! 1937ರಲ್ಲಿ ಪ್ರಕಟವಾದ ಇದು ಯಾನ್-ಟೆಲ್ಲರ್ ಪರಿಣಾಮ. ಯಾನ್ ಮತ್ತು ಟೆಲ್ಲರ್ ಇಬ್ಬರೂ ಹೈಸೆನ್‌ಬರ್ಗ್ ಹತ್ತಿರ ಲೈಪ್‌ಸಿಗ್‌ನಲ್ಲಿ ಓದಿದವರು.

ಮ್ಯಾಂಗನೀಸ್‌ನ ಆ ನಾಲ್ಕನೇ ಎಲೆಕ್ಟ್ರಾನ್‌ಗೆ ಇರೋದು ಇದೇ ಪರಿಸ್ಥಿತಿ. ಅದರ ಮುಂದೆ ಒಂದೇ ಬಾಡಿಗೆಯ ಎರಡು ಖಾಲಿ ಕೋಣೆಗಳಿವೆ. ಆಗ ಮನೆಯ ಗೋಡೆಗಳೇ ಸರಿದು ಒಂದು ಕೋಣೆಯನ್ನ ಅಗ್ಗ ಮಾಡುತ್ತವೆ. ಪಂಜರ ಒಂದು ಕಡೆ ಉದ್ದವಾಗುತ್ತೆ, ಮಿಕ್ಕ ಕಡೆ ಕುಗ್ಗುತ್ತೆ. ಶುದ್ಧ ಲ್ಯಾಂಥನಮ್ ಮ್ಯಾಂಗನೀಸ್ ಆಕ್ಸೈಡ್‌ನಲ್ಲಿ ಮ್ಯಾಂಗನೀಸ್-ಆಮ್ಲಜನಕದ ಎರಡು ಬಂಧಗಳು ಸುಮಾರು 2.2 ಆಂಗ್‌ಸ್ಟ್ರಾಮ್ ಉದ್ದ, ಉಳಿದ ನಾಲ್ಕು 1.9 ಮತ್ತು 2.0ರ ಮಧ್ಯೆ. ಸ್ಫಟಿಕದ ಲೋಕದಲ್ಲಿ ಶೇಕಡಾ ಹತ್ತರಷ್ಟು ಹಿಗ್ಗೋದು ಅಂದ್ರೆ ಸಣ್ಣ ಮಾತಲ್ಲ. ನಾಲ್ಕನೇ ಎಲೆಕ್ಟ್ರಾನ್ ಇಲ್ಲದ ಮ್ಯಾಂಗನೀಸ್‌ಗೆ ಈ ತಾಪತ್ರಯ ಇಲ್ಲ, ಅದರ ಪಂಜರ ನೆಟ್ಟಗಿರುತ್ತೆ.

ಈಗ ಎಲೆಕ್ಟ್ರಾನ್ ಪಕ್ಕದ ಮನೆಗೆ ಹೊರಟಿತು ಅಂದ್ಕೊಳ್ಳಿ. ಅದು ಬಿಟ್ಟ ಪಂಜರ ನೆಟ್ಟಗಾಗಬೇಕು, ಹೋಗಿ ಸೇರಿದ ಪಂಜರ ಸೊಟ್ಟಗಾಗಬೇಕು. ಎಲೆಕ್ಟ್ರಾನ್ ಜೊತೆಗೆ ಅದರ ಸೊಟ್ಟತನವೂ ಪ್ರಯಾಣ ಮಾಡಬೇಕು. ಹೀಗೆ ಪಂಜರದ ವಿರೂಪವನ್ನ ಹೊತ್ತುಕೊಂಡು ಹೋಗುವ ಎಲೆಕ್ಟ್ರಾನ್‌ಗೆ ಪೋಲರಾನ್ ಅಂತ ಹೆಸರು. ಕೆಸರು ಗದ್ದೆಯಲ್ಲಿ ನಡೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ನಿಧಾನ ನಡೆದರೆ ಪ್ರತಿ ಹೆಜ್ಜೆಗೂ ಕಾಲು ಹೂತು ಹೋಗುತ್ತೆ, ಕಿತ್ತು ಮುಂದಿಡಬೇಕು. ಕಂಬಳದ ಕೋಣಗಳು ಮಾತ್ರ ಅದೇ ಗದ್ದೆಯಲ್ಲಿ ನೀರು ಚಿಮ್ಮಿಸ್ತಾ ಓಡ್ತವೆ, ಕೆಸರಿಗೆ ಕಾಲು ಹಿಡಿಯೋಕೆ ಪುರುಸೊತ್ತು ಕೊಡಲ್ಲ. ಸ್ಪಿನ್‌ಗಳು ಸಾಲಾಗಿ ನಿಂತು ದಾರಿ ಸಲೀಸಾದಾಗ ಎಲೆಕ್ಟ್ರಾನ್ ಕಂಬಳದ ಕೋಣ. ಸ್ಪಿನ್‌ಗಳು ಚೆದುರಿ ಪ್ರತಿ ಬಾಗಿಲಲ್ಲೂ ತಡೆ ಆದಾಗ ಓಟ ನಿಧಾನವಾಗುತ್ತೆ, ನಿಧಾನವಾದ ಕೂಡಲೇ ಕಾಲು ಹೂತುಹೋಗುತ್ತೆ. ಅಯಸ್ಕಾಂತ ಗುಣ ಹೋದಾಗ ರೋಧ ಅಷ್ಟೊಂದು ಜಿಗಿಯೋದು ಈ ಎರಡು ತಡೆಗಳು ಒಂದಕ್ಕೊಂದು ಕೈಜೋಡಿಸೋದ್ರಿಂದ.

ಮೊದಲಿನ ಪ್ರಶ್ನೆಗೆ, ಭಾರದ ಆಮ್ಲಜನಕಕ್ಕೆ, ವಾಪಸ್ ಬರೋಣ. ಇಲ್ಲಿ ಕಂಬಳದ ಹೋಲಿಕೆಯನ್ನ ಕೈಬಿಡಬೇಕು. ಯಾಕಂದ್ರೆ ಅದನ್ನೇ ಎಳೆದರೆ ಭಾರದ ಕೆಸರು ನಿಧಾನ ಕದಲುತ್ತೆ, ಎಲೆಕ್ಟ್ರಾನ್‌ಗೆ ಅನುಕೂಲ ಅಂತ ಉಲ್ಟಾ ಉತ್ತರ ಬರುತ್ತೆ. ಆಗಲೇ ಹೂತುಹೋಗಿರೋ ಎಲೆಕ್ಟ್ರಾನ್‌ನ ಲೆಕ್ಕವೇ ಬೇರೆ. ಅದು ಪಕ್ಕಕ್ಕೆ ದಾಟಬೇಕು ಅಂದ್ರೆ, ತಾನಿರುವ ಪಂಜರ ಮತ್ತು ಪಕ್ಕದ ಪಂಜರ ಎರಡೂ ಒಂದು ಕ್ಷಣ ಒಂದೇ ಆಕಾರಕ್ಕೆ ಬರಬೇಕು. ಪರಮಾಣುಗಳು ಎಷ್ಟೇ ತಣ್ಣಗಾದರೂ ಕ್ವಾಂಟಮ್ ಕಾರಣಕ್ಕೆ ಸ್ವಲ್ಪ ಅದುರುತ್ತಲೇ ಇರುತ್ತವೆ. ಹಗುರದವು ಅಗಲವಾಗಿ ಅದುರುತ್ತವೆ, ಹಾಗಾಗಿ ಎರಡು ಪಂಜರಗಳ ಆಕಾರ ಹೊಂದುವ ಸಾಧ್ಯತೆ ಜಾಸ್ತಿ. ಭಾರದವು ಕಡಿಮೆ ಅದುರುತ್ತವೆ, ಆಕಾರ ಹೊಂದೋದು ಅಪರೂಪ. ಎಲೆಕ್ಟ್ರಾನ್‌ನ ಓಡಾಟ ಕಡಿಮೆಯಾಗುತ್ತೆ. ಓಡಾಟದ ಉಳಿತಾಯದಿಂದಲೇ ತಾನೇ ಅಯಸ್ಕಾಂತ ಗುಣ ಬಂದಿದ್ದು? ಓಡಾಟ ಕಮ್ಮಿಯಾದರೆ ಅದೂ ದುರ್ಬಲವಾಗುತ್ತೆ, ಕ್ಯೂರಿ ತಾಪಮಾನ ಇಳಿಯುತ್ತೆ. ಎರಡು ನ್ಯೂಟ್ರಾನ್‌ಗಳ ಭಾರ ಅಯಸ್ಕಾಂತಕ್ಕೆ ತಲುಪುವ ದಾರಿ ಇದು.

1998ರಲ್ಲಿ ಮಾಸ್ಕೋದ ಬಾಬುಶ್ಕಿನಾ ಮತ್ತು ಸಂಗಡಿಗರು ಇದನ್ನ ಇನ್ನೂ ಒಂದು ಹೆಜ್ಜೆ ಮುಂದೆ ತಗೊಂಡು ಹೋದ್ರು. ಲೋಹ ಮತ್ತು ಅವಾಹಕದ ಗಡಿಯಲ್ಲೇ ನಿಂತಿದ್ದ ಒಂದು ಮಿಶ್ರಣವನ್ನ ಆರಿಸಿಕೊಂಡು ಆಮ್ಲಜನಕ ಬದಲಿಸಿದ್ರು. ಚೆನ್ನಾಗಿ ತಣ್ಣಗಾದಾಗ ಹಗುರ ಆಮ್ಲಜನಕದ್ದು ಲೋಹ, ಭಾರದ್ದು ಅವಾಹಕ. ಇದನ್ನ ಮೊದಲ ಸಲ ಓದಿದಾಗ ಕಂಪನದ ಪಾತ್ರದ ಬಗ್ಗೆ ನನಗಿದ್ದ ಅನುಮಾನ ಪೂರ್ತಿ ಹೋಯ್ತು. ಇನ್ನೊಂದು ಮಾತು. ಜ್ಯೂರಿಕ್ ತಂಡದಲ್ಲಿ ಇದ್ದರು ಅಂದ್ನಲ್ಲ, ಆ ಮ್ಯುಲ್ಲರ್ ಬೇರೆ ಯಾರೂ ಅಲ್ಲ, ಜರ್ಮನಿಯ ವೆಸ್ಟ್‌ಫಾಲಿಯಾದ ಗೆಯೋರ್ಗ್ ಬೆಡ್ನೋರ್ಟ್ಸ್ ಜೊತೆ 1986ರಲ್ಲಿ ತಾಮ್ರದ ಆಕ್ಸೈಡ್‌ಗಳಲ್ಲಿ ಅತಿವಾಹಕತೆ ಕಂಡುಹಿಡಿದು ಮರುವರ್ಷವೇ ನೊಬೆಲ್ ಪಡೆದವರು. ತಾಮ್ರದ ಆಕ್ಸೈಡ್ ಕಡೆಗೆ ಅವರನ್ನ ಕರೆದೊಯ್ದಿದ್ದೂ ಇದೇ ಯಾನ್-ಟೆಲ್ಲರ್ ಯೋಚನೆ.

ಇನ್ನೂ ಒಂದು ಪ್ರಶ್ನೆ ಉಳೀತು. ಕಾಂತಕ್ಷೇತ್ರದ ಪರಿಣಾಮ ಇಷ್ಟು ಭಯಂಕರ ದೊಡ್ಡದು ಯಾಕೆ? ಇದಕ್ಕೆ ನನಗೆ ಇಷ್ಟವಾದ ಉತ್ತರ ಬಂದಿದ್ದು ಬೆಂಗಳೂರಿನಿಂದ. 2004ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಕೃಷ್ಣನ್, ಎಚ್. ಆರ್. ಕೃಷ್ಣಮೂರ್ತಿ ಮತ್ತು ಸಹೋದ್ಯೋಗಿಗಳು ಒಂದು ಮಾದರಿ ಮುಂದಿಟ್ಟರು. ಅವರ ಪ್ರಕಾರ ಈ ವಸ್ತುವಿನಲ್ಲಿ ಎರಡು ಬಗೆಯ ಎಲೆಕ್ಟ್ರಾನ್‌ಗಳು ಒಟ್ಟಿಗೆ ಇರುತ್ತವೆ. ಬಹುಪಾಲು ಪಂಜರವನ್ನ ಸೊಟ್ಟ ಮಾಡಿಕೊಂಡು ಅಲ್ಲೇ ಹೂತವು. ಅಲ್ಪಸ್ವಲ್ಪ ನೆಟ್ಟಗಿರುವ ಪಂಜರಗಳ ಮೇಲೆ ಹಗುರಾಗಿ ಓಡಾಡುವವು. ಒಂದೇ ಜಾಗದಲ್ಲಿ ಎರಡೂ ಸೇರೋ ಹಾಗಿಲ್ಲ, ವಿಕರ್ಷಣೆ ಬಿಡಲ್ಲ. ವಿದ್ಯುತ್ ಹರಿಸೋದು ಎರಡನೇ ಬಗೆಯವು ಮಾತ್ರ. ಕಾಂತಕ್ಷೇತ್ರ ಹಾಕಿದಾಗ ಓಡಾಡುವವರ ದಾರಿ ಇನ್ನಷ್ಟು ಸಲೀಸಾಗಿ, ಅವರ ಶಕ್ತಿಯ ಮಟ್ಟ ಸ್ವಲ್ಪ ಕೆಳಗೆ ಇಳಿಯುತ್ತೆ. ಆಗ ಹೂತಿದ್ದವರಲ್ಲಿ ಕೆಲವರು ಎದ್ದು ಬಂದು ಓಡಾಡುವ ಗುಂಪಿಗೆ ಸೇರಿಕೊಳ್ತಾರೆ. ಓಡಾಡುವವರು ಮೊದಲೇ ಬೆರಳೆಣಿಕೆಯಷ್ಟು ಇದ್ದುದರಿಂದ, ಸ್ವಲ್ಪ ಜನ ಸೇರಿದ್ರೂ ಸಂಖ್ಯೆ ಹಲವು ಪಟ್ಟು. ಪರಿಣಾಮ ಕೊಲೋಸಲ್ ಆಗೋದು ಓಟದ ವೇಗದಿಂದಲ್ಲ, ಓಡುವವರ ತಲೆ ಎಣಿಕೆಯಿಂದ. ಈ ಕ್ಷೇತ್ರದಲ್ಲಿ ಬೇರೆ ಮಾದರಿಗಳೂ ಇವೆ, ಎಲ್ಲರೂ ಇದನ್ನೇ ಒಪ್ಪಿದ್ದಾರೆ ಅಂತಲ್ಲ. ಆದರೆ ಎಲೆಕ್ಟ್ರಾನ್‌ಗಳ ವಿಕರ್ಷಣೆ ಮತ್ತು ಪಂಜರದ ವಿರೂಪ ಎರಡನ್ನೂ ಒಂದೇ ಲೆಕ್ಕದಲ್ಲಿ ಇಷ್ಟು ಸರಳವಾಗಿ ಕೂರಿಸಿದ್ದು ನನಗೆ ತುಂಬಾ ಹಿಡಿಸಿತು.

ಇದೆಲ್ಲ ಲ್ಯಾಬಿನಲ್ಲಿ ಮಾಡಿದ ವಿಚಿತ್ರ ಪುಡಿಗಳ ಕಥೆ ಅನ್ನಿಸಬಹುದು. ಹಾಗೇನಿಲ್ಲ. ಮನುಷ್ಯರಿಗೆ ಗೊತ್ತಾದ ಮೊದಲ ಅಯಸ್ಕಾಂತವೇ ಒಂದು ಆಕ್ಸೈಡ್, ಮ್ಯಾಗ್ನಟೈಟ್. ಕುದುರೆಮುಖದಲ್ಲಿ 2005ರ ಕೊನೆಯವರೆಗೂ ತೆಗೀತಿದ್ದ ಅದಿರಿನಲ್ಲಿ ಇದ್ದದ್ದು ಇದೇ. ಮೂರು ಕಬ್ಬಿಣಕ್ಕೆ ನಾಲ್ಕು ಆಮ್ಲಜನಕ. ಬ್ರಿಸ್ಟಲ್ ಸಮ್ಮೇಳನಕ್ಕೆ ತಕರಾರು ತಂದಿದ್ದ ಅದೇ ಫರ್ವೇ, 1939ರಲ್ಲಿ ಮ್ಯಾಗ್ನಟೈಟನ್ನ ಸುಮಾರು ಮೈನಸ್ 150 ಡಿಗ್ರಿ ಸೆಲ್ಸಿಯಸ್‌ಗೆ ತಣ್ಣಗೆ ಮಾಡಿದಾಗ ಅದರ ವಾಹಕತೆ ಇದ್ದಕ್ಕಿದ್ದ ಹಾಗೆ ನೂರು ಪಟ್ಟು ಕುಸಿಯೋದನ್ನ ವಿವರಿಸೋಕೆ ಹೊರಟರು. ಎಲೆಕ್ಟ್ರಾನ್‌ಗಳು ವಿಕರ್ಷಣೆ ತಡೆಯಲಾರದೆ ಒಂದು ಬಿಟ್ಟು ಒಂದು ಕಬ್ಬಿಣದ ಮೇಲೆ ಸಾಲಾಗಿ ಕೂರುತ್ತವೆ ಅಂದ್ರು. ಚೊಕ್ಕ ವಿವರಣೆ, ಆದರೆ ಸ್ಫಟಿಕವನ್ನ ಸೂಕ್ಷ್ಮವಾಗಿ ನೋಡಿದಾಗೆಲ್ಲ ಚಿತ್ರ ಹೊಂದಿಕೆಯಾಗ್ತಿರಲಿಲ್ಲ. ತಣ್ಣಗಾದಾಗ ಸ್ಫಟಿಕ ಬೇರೆ ಬೇರೆ ದಿಕ್ಕಿನ ತುಣುಕುಗಳಾಗಿ ಒಡೆದುಕೊಳ್ಳೋದ್ರಿಂದ ಸರಿಯಾಗಿ ನೋಡೋದೇ ಕಷ್ಟ. 2012ರಲ್ಲಿ ಎಡಿನ್‌ಬರೋದ ಸೆನ್, ರೈಟ್ ಮತ್ತು ಆಟ್‌ಫೀಲ್ಡ್ ಕೂದಲಿಗಿಂತ ತೆಳುವಾದ, 40 ಮೈಕ್ರೋಮೀಟರ್‌ನ ಒಂದು ಹರಳನ್ನ ಎಕ್ಸ್-ಕಿರಣದಲ್ಲಿ ನೋಡಿ ಉತ್ತರ ತಂದ್ರು. ಎಲೆಕ್ಟ್ರಾನ್ ಒಂದು ಕಬ್ಬಿಣದ ಮೇಲೆ ಕೂರಲ್ಲ, ಸಾಲಾಗಿರುವ ಮೂರು ಕಬ್ಬಿಣಗಳ ಮೇಲೆ ಹರಡಿಕೊಂಡು, ಆ ಮೂರನ್ನೂ ಹತ್ತಿರ ಎಳೆದುಕೊಳ್ಳುತ್ತೆ. ಅದಕ್ಕೆ ಟ್ರೈಮೆರಾನ್ ಅಂತ ಹೆಸರಿಟ್ಟರು. ಇಲ್ಲಿಯೂ ಎಲೆಕ್ಟ್ರಾನ್ ಮತ್ತು ಅದರ ಸುತ್ತಲಿನ ವಿರೂಪ ಒಂದೇ ಗಂಟು. 73 ವರ್ಷ ಬೇಕಾಯ್ತು ಇಷ್ಟು ತಿಳಿಯೋಕೆ.

ನಮ್ಮ ಜೀವಶಾಸ್ತ್ರದ ಕಡೆಯಿಂದ ಒಂದು ಮಾತು ಸೇರಿಸಬೇಕು. ಉತ್ತರ ಜರ್ಮನಿಯ ಗ್ರೈಫ್ಸ್‌ವಾಲ್ಡ್ ಹತ್ತಿರದ ನದಿಯ ಕೆಸರಿನಿಂದ ಸಿಕ್ಕಿದ, 1991ರಲ್ಲಿ ಆ ಊರಿನ ಹೆಸರನ್ನೇ ಪಡೆದ ಮ್ಯಾಗ್ನೆಟೋಸ್ಪಿರಿಲಮ್ ಗ್ರಿಫಿಸ್‌ವಾಲ್ಡೆನ್ಸೆ ಅನ್ನೋ ಬ್ಯಾಕ್ಟೀರಿಯಾ ಇದೆ. ಅದು ತನ್ನ ಒಳಗೇ ಸುಮಾರು 40 ನ್ಯಾನೋಮೀಟರ್‌ನ ಮ್ಯಾಗ್ನಟೈಟ್ ಹರಳುಗಳನ್ನ ಮಾಡಿಕೊಂಡು, ಮಣಿಸರದ ಹಾಗೆ ಜೋಡಿಸಿ, ದಿಕ್ಸೂಚಿಯಾಗಿ ಬಳಸುತ್ತೆ. ಇಂಥ ಬ್ಯಾಕ್ಟೀರಿಯಾಗಳ ಹರಳುಗಳಲ್ಲಿ ಫರ್ವೇ ಬದಲಾವಣೆ ಕಲ್ಲಿನ ಮ್ಯಾಗ್ನಟೈಟ್‌ಗಿಂತ ಕೆಳಗೆ, ಸುಮಾರು 100 ಕೆಲ್ವಿನ್‌ನಲ್ಲಿ ಆಗುತ್ತೆ. ಹಾಗಾಗಿ ಹಳೇ ಕೆಸರಿನ ಪದರಗಳನ್ನ ತಣ್ಣಗೆ ಮಾಡಿ ಅಳೆದಾಗ, ಅಲ್ಲಿರೋ ಮ್ಯಾಗ್ನಟೈಟ್ ಜೀವಿಗಳು ಮಾಡಿದ್ದೋ ಅಲ್ಲವೋ ಅಂತ ಪತ್ತೆ ಹಚ್ಚೋಕೆ ಅದೊಂದು ಸುಳಿವು.

ಸರಿ, ಉಪಯೋಗ? ಮ್ಯಾಂಗನೀಸ್ ಆಕ್ಸೈಡ್‌ಗಳು ಹಾರ್ಡ್ ಡಿಸ್ಕ್‌ಗೆ ಹೋಗಲಿಲ್ಲ. ಕೊಲೋಸಲ್ ಪರಿಣಾಮ ನೋಡೋಕೆ ಹಲವು ಟೆಸ್ಲಾ ಕಾಂತಕ್ಷೇತ್ರ ಬೇಕು. ಒಂದು ಟೆಸ್ಲಾ ಅಂದ್ರೆ ಭೂಮಿಯ ಕಾಂತಕ್ಷೇತ್ರದ ಸುಮಾರು 20,000 ಪಟ್ಟು, ಎಂಆರ್‌ಐ ಯಂತ್ರದ ಮಟ್ಟ. ಡಿಸ್ಕ್ ಮೇಲಿನ ಒಂದು ಚುಕ್ಕಿ ಎಲ್ಲಿಂದ ಅಷ್ಟು ಕೊಡುತ್ತೆ? ಯೂಲಿಶ್‌ನ ಲೋಹದ ಪದರಗಳೇ ಆ ಪಂದ್ಯ ಗೆದ್ದಿದ್ದು.

ಆದರೆ ಈ ಎಲ್ಲ ಕೆಲಸದಿಂದ ಬೇರೊಂದು ಪ್ರಶ್ನೆ ಹುಟ್ಟಿತು. ಪಂಜರದ ಕಂಪನ ಅಯಸ್ಕಾಂತವನ್ನ ಇಷ್ಟು ಆಳುತ್ತೆ ಅಂದ್ರೆ, ಕಂಪನವನ್ನೇ ಹಿಡಿದು ಅಲುಗಾಡಿಸಿದರೆ? 2007ರಲ್ಲಿ ಆಂದ್ರೇಯ ಕವಲ್ಲೇರಿ ಅವರ ತಂಡ ಇದನ್ನೇ ಮಾಡಿ ತೋರಿಸಿತ್ತು. ಅವಾಹಕವಾಗಿದ್ದ ಒಂದು ಮ್ಯಾಂಗನೀಸ್ ಆಕ್ಸೈಡಿಗೆ, ಮ್ಯಾಂಗನೀಸ್-ಆಮ್ಲಜನಕ ಬಂಧದ ಕಂಪನಕ್ಕೆ ಸರಿಯಾಗಿ ಶ್ರುತಿ ಮಾಡಿದ ಅತಿಗೆಂಪು ಲೇಸರ್ ಮಿಡಿತ ಕೊಟ್ಟು, ಅದನ್ನ ಕ್ಷಣಕಾಲ ಲೋಹದ ಹಾಗೆ ಮಾಡಿದ್ರು. ಕಾಯಿಸಲಿಲ್ಲ, ಕಾಂತಕ್ಷೇತ್ರ ಹಾಕಲಿಲ್ಲ, ಬರೀ ಪಂಜರವನ್ನ ಅದರದೇ ಶ್ರುತಿಯಲ್ಲಿ ಮೀಟಿದ್ರು.

ಮುಂದೆ ಕವಲ್ಲೇರಿ ಹ್ಯಾಂಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿದರು. ಅಂಕಿತ್ ಡಿಸಾ ಮತ್ತು ಅವರು ಸೇರಿ 2023ರಲ್ಲಿ ಪ್ರಕಟಿಸಿದ ಪ್ರಯೋಗ ಇಟ್ರಿಯಮ್ ಟೈಟೇನಿಯಮ್ ಆಕ್ಸೈಡ್ ಮೇಲೆ ನಡೆದಿದ್ದು. ಇದೂ ಪೆರೋವ್‌ಸ್ಕೈಟ್ ಜಾತಿಯದೇ. ಪ್ರತಿ ಟೈಟೇನಿಯಮ್‌ಗೆ ಒಂದೇ ಒಂದು ಹೊರ ಎಲೆಕ್ಟ್ರಾನ್, ಅದರ ಮುಂದೆ ಶಕ್ತಿಯಲ್ಲಿ ಹೆಚ್ಚು ಕಡಿಮೆ ಇಲ್ಲದ ಮೂರು ಕೋಣೆಗಳು. ಯಾವುದರಲ್ಲಿ ಕೂರಬೇಕು ಅನ್ನೋ ಹೊಯ್ದಾಟದಿಂದ ಸ್ಪಿನ್‌ಗಳ ಸಾಲೂ ಅಲ್ಲಾಡ್ತಾ ಇರುತ್ತೆ. ಹಾಗಾಗಿ 27 ಕೆಲ್ವಿನ್‌ಗಿಂತ ಕೆಳಗೆ, ಅಂದ್ರೆ ಮೈನಸ್ 246 ಡಿಗ್ರಿಗಿಂತ ತಣ್ಣಗೆ ಮಾಡಿದರೆ ಮಾತ್ರ ಅದು ಅಯಸ್ಕಾಂತ, ಆಗಲೂ ಪೂರ್ತಿ ಸಾಲು ನಿಲ್ಲಲ್ಲ. ಹ್ಯಾಂಬರ್ಗ್ ತಂಡ ಬೇರೆ ಬೇರೆ ಕಂಪನಗಳನ್ನ ಒಂದೊಂದಾಗಿ ಲೇಸರ್‌ನಿಂದ ಮೀಟಿ ನೋಡಿತು. ಎಲ್ಲವೂ ಒಂದೇ ಫಲ ಕೊಡಲಿಲ್ಲ. ಅತಿ ಹೆಚ್ಚು ಪರಿಣಾಮ ಕಂಡಿದ್ದು 9 ಟೆರಾಹರ್ಟ್ಸ್‌ನ, ಅಂದ್ರೆ ಸೆಕೆಂಡಿಗೆ 9 ಲಕ್ಷ ಕೋಟಿ ಸಲ ಆಗುವ, ಆಮ್ಲಜನಕ ಪಂಜರ ತಿರುಚುವ ಕಂಪನದಲ್ಲಿ. ಅದನ್ನ ಮೀಟಿದಾಗ ಕಡಿಮೆ ತಾಪಮಾನದಲ್ಲಿ ಸ್ಪಿನ್‌ಗಳ ಸಾಲು ಪೂರ್ತಿಯಾಯ್ತು. 80 ಕೆಲ್ವಿನ್ ದಾಟಿದರೂ ಅಯಸ್ಕಾಂತ ಗುಣದ ಕುರುಹು ಕಂಡಿತು. ಮಾಮೂಲಿ ಮಿತಿಯ ಸುಮಾರು ಮೂರು ಪಟ್ಟು.

ವಸ್ತುವಿಗೆ ಲೇಸರ್ ಬಿಟ್ಟರೆ ಅದು ಬಿಸಿಯಾಗುತ್ತೆ, ಬಿಸಿಯಾದರೆ ಅಯಸ್ಕಾಂತ ಹಾಳಾಗುತ್ತೆ. ಕಾಮನ್ ಸೆನ್ಸ್ ಹೇಳೋದು ಇದನ್ನೇ. ಇಲ್ಲಿ ಆಗಿದ್ದು ತದ್ವಿರುದ್ಧ, ಯಾಕಂದ್ರೆ ಶಕ್ತಿಯನ್ನ ಎಲ್ಲ ಕಡೆ ಚೆಲ್ಲದೆ ಒಂದೇ ಕಂಪನಕ್ಕೆ ಕೊಟ್ಟರು. ಈ ಅಯಸ್ಕಾಂತ ಫ್ರಿಜ್ ಬಾಗಿಲಿಗೆ ಅಂಟಿಸೋಕೆ ಬರಲ್ಲ. ಅದು ಕ್ಷಣಿಕ, ಲೇಸರ್ ಮಿಡಿತದ ಬೆನ್ನಲ್ಲೇ ಹುಟ್ಟಿ ಕರಗಿ ಹೋಗುತ್ತೆ, ಮತ್ತು 80 ಕೆಲ್ವಿನ್ ಅಂದರೂ ದ್ರವ ಸಾರಜನಕದ ಚಳಿಯೇ. ಇದನ್ನ ಹೆಚ್ಚು ಹೊತ್ತು ಹಿಡಿದಿಡೋದು ಹೇಗೆ, ಇನ್ನೂ ಮೇಲಿನ ತಾಪಮಾನದಲ್ಲಿ ಸಾಲು ಮಾಡುವ ಕಂಪನ ಯಾವ ಆಕ್ಸೈಡಿನಲ್ಲಿ ಸಿಗಬಹುದು ಅನ್ನೋ ಹುಡುಕಾಟ ಈಗ ನಡೀತಿದೆ.

ಪ್ರಶ್ನೆಗಳಿದ್ದರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ತಗೊಳ್ಳೋಣ.